ನನ್ನ ಬಿಪಿ ಇಳಿಸಲು ಬಂದ ಜ್ಯೂಸು

ಗಲ್ಫಿಗೆ ಬಂದವನು ಗಳಿಸಿದ್ದನ್ನೆಲ್ಲ ಊರಿಗೆ ಕಳಿಸುತ್ತಾನೆ, ಹೊಟ್ಟೆಯೊಂದನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಇದು ತಿಳಿದವರು ಯಾರೋ ಹೇಳಿದ ಮಾತಲ್ಲ, ಅಬುಧಾಬಿಯಲ್ಲಿ ಹದಿನಾಲ್ಕು ವರ್ಷ ಕಳೆದು ಐವತ್ತೊಂಬತ್ತು ಕೆಜಿಯಿಂದ ನೂರ ನಾಲ್ಕು ಕೆಜಿಗೆ ಏರಿದ ನನ್ನ ಸ್ವಂತ ಸಂಶೋಧನೆ. ಇಷ್ಟು ವರ್ಷಗಳಲ್ಲಿ ಕಂಪೆನಿ ನನಗೆ ಕೊಟ್ಟ ಬಡ್ತಿ ಒಂದೇ ಒಂದು. ಉಳಿದ ಬಡ್ತಿಗಳನ್ನೆಲ್ಲ ನನ್ನ ಪ್ಯಾಂಟಿನ ಸೊಂಟವೇ ದಯಪಾಲಿಸಿದೆ. ಹಾಗೆಂದು ನನಗೆ ಬೇಸರವೇನೂ ಇರಲಿಲ್ಲ. ನಮ್ಮ ಕರಾವಳಿಯವರ ಸಂಘದ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟದ ತಂಡದ ಕೊನೆಯವನು ನಾನೇ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿ ನಿಂತರೆ ಸಾಕು, ಎಳೆಯುವ ಕೆಲಸವನ್ನು ಉಳಿದ ಏಳು ಮಂದಿ ಮಾಡುತ್ತಾರೆ, ಕಪ್ಪು ಹಿಡಿದು ಫೋಟೋಕ್ಕೆ ನಿಲ್ಲುವ ಕೆಲಸ ನನ್ನದು. ತಂಡದ ಮ್ಯಾನೇಜರ್ ಸದಾನಂದಣ್ಣ ಇರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ. ಕ್ರೀಡಾಕೂಟ ಹತ್ತಿರವಾದಾಗ ಅವರು ಅಲ್ಲಿಂದಲೇ ಫೋನು ಮಾಡಿ, "ಮಾರಾಯ, ಒಂದು ಕೆಜಿಯೂ ಕಮ್ಮಿ ಮಾಡ್ಬೇಡ, ನಿನ್ನನ್ನೇ ನಂಬಿ ಕೂತಿದ್ದೇವೆ" ಎನ್ನುತ್ತಾರೆ. ನನ್ನ ದೇಹವನ್ನು ಇಷ್ಟು ಗೌರವದಿಂದ ಕಂಡವರು ಬೇರೆ ಯಾರೂ ಇಲ್ಲ.

ಇನ್ನು ನನ್ನ ಉದ್ಯೋಗ. ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ನಾನು ಇನ್‌ಸ್ಪೆಕ್ಟರ್. ಎಣ್ಣೆ ಕಂಪೆನಿಗಳಿಗೆ ಹೋಗುವ ಪೈಪುಗಳಲ್ಲಿ ನೀರು ತುಂಬಿಸಿ, ಪಂಪಿನಿಂದ ಒತ್ತಡ ಏರಿಸಿ, ಗೇಜಿನ ಮುಂದೆ ಕೂತು ಮುಳ್ಳು ಇಳಿಯುತ್ತದೆಯೋ ಇಲ್ಲವೋ ಎಂದು ನೋಡುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಪೈಪು ಫೇಲು. ಇಳಿಯದೆ ನಿಂತರೆ ಪಾಸು. ಆ ವರ್ಷದ ಮೆಡಿಕಲ್ ತಪಾಸಣೆಯಲ್ಲಿ ಕಂಪೆನಿ ಕ್ಲಿನಿಕ್ಕಿನ ಮಲಯಾಳಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿಸಿ, ಮುಳ್ಳು ಇಳಿಯುವುದನ್ನೇ ನೋಡುತ್ತ ಕೂತರು. ಅದು ಅವರಿಗೆ ಬೇಕಾದಷ್ಟು ಇಳಿಯಲಿಲ್ಲ. ನಮ್ಮ ಯಾರ್ಡಿನ ನಿಯಮದಂತೆ ನಾನು ಪಾಸಾಗಿದ್ದೆ. ಡಾಕ್ಟರಿಗೆ ಆ ನಿಯಮ ಗೊತ್ತಿರಲಿಲ್ಲ. ಇನ್ನೊಮ್ಮೆ ನೋಡಿದರು, ಇನ್ನೊಂದು ತೋಳಿನಲ್ಲೂ ನೋಡಿದರು, ಆಮೇಲೆ ಕನ್ನಡಕ ತೆಗೆದಿಟ್ಟು, ಎರಡು ತಿಂಗಳು ಸಮಯ ಕೊಡುತ್ತೇನೆ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಆಗಲೂ ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ ಎಂದರು. ಮಾತ್ರೆ ಎಷ್ಟು ದಿನ ತಗೊಳ್ಳಬೇಕು ಎಂದು ಕೇಳಿದೆ. ಅವರು ಸುಮ್ಮನೆ ನಕ್ಕರು. ಆ ನಗುವಿನಲ್ಲಿಯೇ ನನ್ನ ಉಳಿದ ಆಯುಷ್ಯವಿಡೀ ಇತ್ತು.

ನನಗೆ ಬಿಪಿಯ ಹೆದರಿಕೆ ಇರಲಿಲ್ಲ. ಬಿಪಿ ಕಣ್ಣಿಗೆ ಕಾಣುವುದಿಲ್ಲ, ನೋಯುವುದಿಲ್ಲ, ಫೋಟೋದಲ್ಲೂ ಬರುವುದಿಲ್ಲ. ನನ್ನ ಹೆದರಿಕೆಯೆಲ್ಲ ಮಾತ್ರೆಯದ್ದು. ಮಾತ್ರೆ ನುಂಗುವವನು ನಮ್ಮವರ ಸಮಾರಂಭಗಳಲ್ಲಿ ಏನಾಗುತ್ತಾನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಹೆಸರು ಹೋಗಿ ಬಿಡುತ್ತದೆ. "ಆ ಬಿಪಿಯವರಿಗೆ ಉಪ್ಪು ಹಾಕದ್ದು ಬೇರೆ ತೆಗ್ದಿಡಿ" ಎಂದು ಅಡುಗೆಯ ಕಡೆಯಿಂದ ಕೂಗು ಬರುತ್ತದೆ. ಪಕ್ಕದ ಎಲೆಯವರು ತಿರುಗಿ ನೋಡಿ, ಅವನ ವಯಸ್ಸಿಗೆ ಹತ್ತು ಸೇರಿಸಿಕೊಂಡು, "ಯಾವ ಪವರಿನದ್ದು?" ಎಂದು ವಿಚಾರಿಸಿ, ತಮ್ಮ ಭಾವನಿಗೆ ಅದೇ ಮಾತ್ರೆಯಿಂದ ಏನೇನಾಯಿತು ಎಂದು ಪಾಯಸ ಬರುವವರೆಗೆ ವಿವರಿಸುತ್ತಾರೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಹಗ್ಗಜಗ್ಗಾಟದ ಕಪ್ಪು ಹಿಡಿದವನಿಗೆ, ಈ ಗತಿ ಬರಬಾರದು ಎಂದು ನಿಶ್ಚಯಿಸಿದೆ. ಮನೆಗೆ ಹೋದವನು ಹೆಂಡತಿ ಸುಮತಿಗೆ ವಿಷಯ ತಿಳಿಸಿ, "ಯಾರಿಗೂ ಹೇಳ್ಬೇಡ. ಸದಾನಂದಣ್ಣನಿಗಂತೂ ಹೇಳಲೇಬೇಡ" ಎಂದು ಭಾಷೆ ತೆಗೆದುಕೊಂಡೆ. ಅದೊಂದು ಭಾಷೆಯನ್ನು ಅವಳು ಅಕ್ಷರಶಃ ನಡೆಸಿಕೊಟ್ಟಳು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಮರುವಾರ ಕ್ಲಿನಿಕ್ಕಿನ ಗೋಡೆಯಲ್ಲಿ ಒಂದು ಕಾಗದ ಕಂಡಿತು. ಹೆಚ್ಚು ತೂಕವುಳ್ಳ, ಬಿಪಿ ಸ್ವಲ್ಪ ಏರಿರುವ, ಇನ್ನೂ ಮಾತ್ರೆ ಶುರು ಮಾಡದ ವಯಸ್ಕರು ಬೇಕಾಗಿದ್ದಾರೆ. ಹಣ್ಣಿನ ಜ್ಯೂಸು ಕುಡಿದರೆ ಬಿಪಿ ಇಳಿಯುತ್ತದೆಯೇ ಎಂದು ಪರೀಕ್ಷೆ ಮಾಡಲಿಕ್ಕುಂಟು. ಓದಿ ನನ್ನ ಕಣ್ಣು ತುಂಬಿ ಬಂತು. ಮಾತ್ರೆಯ ಬದಲು ಜ್ಯೂಸು! ವಿಜ್ಞಾನ ಕೊನೆಗೂ ನಮ್ಮಂಥವರ ಕಡೆ ತಿರುಗಿ ನೋಡಿತ್ತು. ಕಾಗದದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಯ ಹೆಸರು ನಫೀಸಾ. ಉಳ್ಳಾಲದ ಬ್ಯಾರಿಗಳ ಮಗಳು, ಹುಟ್ಟಿ ಬೆಳೆದದ್ದೆಲ್ಲ ಅಬುಧಾಬಿಯಲ್ಲಿ, ಈ ಪರೀಕ್ಷೆ ನಡೆಸುವ ಡಾಕ್ಟರುಗಳಿಗೆ ಸಹಾಯಕಿ. ನನ್ನ ಇಂಗ್ಲಿಷಿನ ಎರಡು ವಾಕ್ಯ ಕೇಳಿದ್ದೇ ನಕ್ಕು ಕನ್ನಡಕ್ಕೆ ಇಳಿದಳು. "ಅಂಕಲ್, ಸಿಂಪಲ್. ಡೈಲಿ ಬೆಳಿಗ್ಗೆ ಒಂದು ಬಾಟ್ಲಿ, ಆರು ವಾರ. ಟೂ ಟೈಪ್ಸ್ ಉಂಟು. ಒಂದು ರಿಯಲ್ ಜ್ಯೂಸ್, ಇನ್ನೊಂದು ನೋಡ್ಲಿಕ್ಕೆ ಅದರ ಹಾಗೇ ಇರುದು, ಅಷ್ಟೇ. ಯಾರಿಗೆ ಯಾವುದು ಬಂದಿದೆ ಅಂತ ನಿಮಗೂ ಗೊತ್ತಿರೂದಿಲ್ಲ, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ." ಯಾರಿಗೂ ಏನೂ ಗೊತ್ತಿಲ್ಲದೆ ಕೆಲಸ ನಡೆಯುವುದನ್ನು ನಾನು ಅದುವರೆಗೆ ದುಬೈಯ ಜುಮೇರಾ ಲೇಕ್ಸ್ ಟವರ್ಸ್‌ನ ನಮ್ಮ ಹೆಡ್ ಆಫೀಸಿನಲ್ಲಿ ಮಾತ್ರ ಕಂಡಿದ್ದೆ. ಆದರೂ ಸಹಿ ಹಾಕಿದೆ. ಜೊತೆಗೆ ಒಂದು ಡೈರಿ ಕೊಟ್ಟಳು. ಜ್ಯೂಸು ಕುಡಿದೆಯೋ ಇಲ್ಲವೋ, ಎಷ್ಟು ನಿಮಿಷ ನಡೆದೆ, ಉಪ್ಪಿನದ್ದು ಏನೇನು ತಿಂದೆ ಎಂದು ದಿನಾ ಬರೆಯಬೇಕು, ಖಾಲಿ ಬಾಟಲಿಗಳನ್ನು ವಾಪಸು ತರಬೇಕು. ಒಟ್ಟು ನಲವತ್ತೆರಡು ಬಾಟಲಿ, ಎರಡು ವಾರಕ್ಕೆ ಹದಿನಾಲ್ಕರಂತೆ.

ಶನಿವಾರ ಹದಿನಾಲ್ಕು ಬಾಟಲಿಗಳು ನಮ್ಮ ಫ್ರಿಜ್ಜಿಗೆ ಬಂದವು. ಹೆಸರಿಲ್ಲ, ಚಿತ್ರವಿಲ್ಲ, ಒಂದು ನಂಬರು ಮಾತ್ರ. ಒಳಗೆ ಕಡುಗೆಂಪು ದ್ರವ. ಮೊದಲ ದಿನ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ನಿಧಾನವಾಗಿ ಕುಡಿದೆ. ರುಚಿ ದಾಳಿಂಬೆಯದ್ದು ಎಂದು ನನಗನ್ನಿಸಿತು, ಕೆಮ್ಮಿನ ಸಿರಪ್ಪಿನದ್ದು ಎಂದು ಸುಮತಿ ಹೇಳಿದಳು. ಅವಳು ಹೇಗೆ ರುಚಿ ನೋಡಿದಳು ಎಂದು ಆಗಲೇ ವಿಚಾರಿಸಬೇಕಿತ್ತು. ಅದೇ ಉತ್ಸಾಹದಲ್ಲಿ ಬಿಪಿ ನೋಡುವ ಮೆಶಿನನ್ನೂ ಖರೀದಿಸಿ, ದಿನಕ್ಕೆ ನಾಲ್ಕು ಸಲ ತೋಳಿಗೆ ಕಟ್ಟಿಕೊಂಡು ಕೂರತೊಡಗಿದೆ. ಕಡಿಮೆ ತೋರಿಸಿದರೆ ಜ್ಯೂಸಿನ ಮಹಿಮೆ, ಜಾಸ್ತಿ ತೋರಿಸಿದರೆ ಬ್ಯಾಟರಿಯ ದೋಷ. ಒಂಬತ್ತನೇ ಕ್ಲಾಸಿನ ಮಗ ರೋಹನ್ ಇದನ್ನೆಲ್ಲ ನೋಡಿ, "ಡ್ಯಾಡ್, ಜಸ್ಟ್ ಗೋ ಫಾರ್ ಎ ವಾಕ್" ಎಂದು ಫೋನಿನಿಂದ ತಲೆ ಎತ್ತದೆ ಸಲಹೆ ಕೊಟ್ಟ. ನಡೆಯಲು ನನಗೂ ಮನಸ್ಸಿತ್ತು. ಹೊರಗೆ ಬಿಸಿಲು ಕಡಿಮೆಯಾಗಲಿ ಎಂದು ಕಾಯುತ್ತಿದ್ದೆ. ಆಗ ಜನವರಿ ತಿಂಗಳು.

ಆರು ದಿನ ಶಾಸ್ತ್ರೋಕ್ತವಾಗಿ ಕುಡಿದೆ. ಏಳನೆಯ ದಿನ ಶುಕ್ರವಾರ, ರಜೆ. ಬೆಳಿಗ್ಗೆ ಹತ್ತಕ್ಕೆ ಸದಾನಂದಣ್ಣ ಸಂಸಾರ ಸಮೇತ ದುಬೈಯಿಂದ ಬಂದರು. ಜೊತೆಗೆ ಅವರ ಭಾವನ ಸಂಸಾರ. ಒಟ್ಟು ಎಂಟು ಮಂದಿ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ಆಸರಿಗೆ ಏನಾದರೂ ಕುಡಿಯಲು ಕೊಡಬೇಕು, ಮಾತು ಆಮೇಲೆ. ಊರಿನಲ್ಲಾದರೆ ಬೆಲ್ಲ ಮತ್ತು ನೀರು ತಂದಿಟ್ಟರೆ ಮುಗಿಯಿತು. ಗಲ್ಫಿನಲ್ಲಿ ಬೆಲ್ಲ ತಂದಿಟ್ಟರೆ ಈ ಮನೆಯವರ ಕೆಲಸ ಹೋಗಿದೆ ಎಂದು ಸುದ್ದಿಯಾಗುತ್ತದೆ, ಆದ್ದರಿಂದ ಇಲ್ಲಿ ಜ್ಯೂಸು. ಸುಮತಿ ಫ್ರಿಜ್ಜು ತೆಗೆದಳು. ಒಳಗಿದ್ದದ್ದು ಸರಿಯಾಗಿ ಎಂಟು ಬಾಟಲಿ. ಅವಳು ನನ್ನ ಮುಖ ನೋಡಿದಳು, ನಾನು ಕಣ್ಣಲ್ಲೇ ಬೇಡ ಎಂದೆ. ಅಷ್ಟರಲ್ಲಿ ಸದಾನಂದಣ್ಣನೇ ಹಿಂದಿನಿಂದ ಇಣುಕಿ, "ಓಹೋ, ಇದೆಂಥ ಹೊಸ ನಮೂನೆಯ ಜ್ಯೂಸು? ಲೇಬಲ್ ಇಲ್ಲ, ಭಾರೀ ಕಾಸ್ಟ್ಲಿ ಇರ್ಬೇಕು" ಎಂದರು. ಇದು ನನ್ನ ಬಿಪಿಯದ್ದು, ಮುಟ್ಟಬೇಡಿ ಎನ್ನುವ ಧೈರ್ಯ ನನಗಿರಲಿಲ್ಲ. "ಕುಡೀರಿ, ಕುಡೀರಿ, ನಿಮಗೇ ಅಂತ ತಂದದ್ದು" ಎಂದುಬಿಟ್ಟೆ. ಅವರ ಆರು ವರ್ಷದ ಮಗಳು ಅರ್ಧ ಕುಡಿದು ಉಳಿದದ್ದನ್ನು ಸೋಫಾಕ್ಕೆ ಕುಡಿಸಿದಳು. ಆ ಸೋಫಾದ ಬಿಪಿ ಈಗ ಹೇಗಿದೆಯೋ ಯಾರೂ ನೋಡಿಲ್ಲ.

ಅವರು ಹೋದ ಮೇಲೆ ನಾನು ಸುಮತಿಯ ಮೇಲೆ ಹಾರಾಡಿದೆ. "ನೀವೇ ಹೇಳಿದ್ದಲ್ವಾ ಯಾರಿಗೂ ಹೇಳ್ಬೇಡ ಅಂತ? ಮತ್ತೆ ಎಂಥ ಹೇಳಿ ಬಾಟ್ಲಿ ಅಡಗಿಸುದು ನಾನು? ಫ್ರಿಜ್ಜಲ್ಲಿ ಇಟ್ಕೊಂಡು ಬಂದವರಿಗೆ ಬರೀ ನೀರು ಕೊಡ್ಲಿಕ್ಕಾಗ್ತದಾ?" ಎಂದು ಕೇಳಿದಳು. ಎರಡನೆಯ ಕಂತಿನ ಬಾಟಲಿಗಳನ್ನು ತರಕಾರಿ ಟ್ರೇಯಲ್ಲಿ ಬಸಳೆ ಸೊಪ್ಪಿನ ಅಡಿಯಲ್ಲಿ ಬಚ್ಚಿಟ್ಟೆ. ನಾಲ್ಕು ದಿನ ಕುಡಿದೆ. ಮಂಗಳವಾರ ಸಂಜೆ ಸುಮತಿಯ ಭಜನಾ ಮಂಡಳಿಯ ಹತ್ತು ಮಂದಿ ಹೆಂಗಸರು ನಮ್ಮಲ್ಲಿ ಸೇರಿದರು. ಮಾಡಿಟ್ಟ ಶರಬತ್ತಿನ ಜಗ್ಗು ಕೈಜಾರಿ ಬಿತ್ತು. ಸುಮತಿ ಬಸಳೆ ಸರಿಸಿದಳು. ಮೂರನೆಯ ಕಂತು ಬಂದ ಶನಿವಾರ ಬೆಳಿಗ್ಗೆ ಒಂದು ಕುಡಿದೆ, ಸಂಜೆ ಕ್ರೀಡಾಕೂಟದ ಸಮಿತಿ ನಮ್ಮ ಮನೆಯಲ್ಲೇ ಸಭೆ ಇಟ್ಟುಕೊಂಡಿತು. ಬಂದವರು ಹದಿಮೂರು, ಉಳಿದಿದ್ದ ಬಾಟಲಿ ಹದಿಮೂರು. ಬಂದವರಿಗೂ ಇದ್ದದ್ದಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದು ಸತತ ಮೂರನೆಯ ಸಲ, ಅದು ನಮ್ಮ ಮನೆಯ ಇತಿಹಾಸದಲ್ಲೇ ದಾಖಲೆ.

ಈ ಹೊತ್ತಿಗೆ ಜ್ಯೂಸಿನ ಕೀರ್ತಿ ಸಂಘದ ವಾಟ್ಸಾಪ್ ಗುಂಪಿನಲ್ಲೆಲ್ಲ ಹಬ್ಬಿತ್ತು. ಸದಾನಂದಣ್ಣನ ಎಡಗಾಲಿನ ಮಂಡಿನೋವು ಒಂದೇ ಬಾಟಲಿಗೆ ಅರ್ಧ ಇಳಿದಿತ್ತು. ಭಜನೆಯ ಒಬ್ಬರಿಗೆ ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ಇನ್ನೊಬ್ಬರಿಗೆ ಅತ್ತೆಯ ಮೇಲಿನ ಸಿಟ್ಟು. ನನ್ನ ನಂಬರಿನ ಬಾಟಲಿಗಳಲ್ಲಿ ಇದ್ದದ್ದು ಬಣ್ಣ ಹಾಕಿದ ಸಿಹಿನೀರು, ಹಣ್ಣು ಆ ದಾರಿಯಲ್ಲೇ ಹಾದುಹೋಗಿರಲಿಲ್ಲ ಎಂದು ಪರೀಕ್ಷೆಯೆಲ್ಲ ಮುಗಿದು ಎಷ್ಟೋ ತಿಂಗಳ ಮೇಲೆ ನಫೀಸಾ ಫೋನಿನಲ್ಲಿ ತಿಳಿಸಿದಳು. ಸದಾನಂದಣ್ಣನಿಗೆ ನಾನಿನ್ನೂ ಹೇಳಿಲ್ಲ. ಅವರ ಮಂಡಿ ಈಗಲೂ ಚೆನ್ನಾಗಿದೆ, ಸುಮ್ಮನೆ ಯಾಕೆ ಕೆಡಿಸುವುದು?

ನಲವತ್ತೆರಡರಲ್ಲಿ ನಾನು ಕುಡಿದದ್ದು ಹನ್ನೊಂದು. ಡೈರಿಯಲ್ಲಿ ಏನು ಬರೆಯುವುದು? ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಯಾರ್ಡಿನಲ್ಲಿ ನಾನು ಭಾರೀ ಖಡಕ್ ಮನುಷ್ಯ. ಅದೇ ವಾರ ನಮ್ಮ ಬಿಹಾರಿ ಫೋರ್‌ಮನ್ ತಂದ ಟೆಸ್ಟ್ ರಿಪೋರ್ಟನ್ನು ಅವನ ಮುಖಕ್ಕೆ ಹಿಡಿದು ವಾಪಸು ಕಳಿಸಿದ್ದೆ. ಐದೈದು ನಿಮಿಷಕ್ಕೊಮ್ಮೆ ಗೇಜು ನೋಡಿ ಬರೆಯಬೇಕಾದದ್ದನ್ನು ಆ ಮಹಾಶಯ ಚಾ ಕುಡಿಯುತ್ತ ಒಂದೇ ಉಸಿರಿಗೆ ಬರೆದಿದ್ದ. ಅಂಕಿಗಳೆಲ್ಲ ಒಂದೇ ಓರೆಗೆ ವಾಲಿ ನಿಂತಿದ್ದವು. "ನೋಡದೆ ಬರೆದರೆ ನಾಳೆ ಪೈಪು ಒಡೆದು ಯಾರದ್ದಾದರೂ ಪ್ರಾಣ ಹೋದೀತು" ಎಂದು ಹಿಂದಿಯಲ್ಲಿ ಕಾಲು ಗಂಟೆ ಪ್ರವಚನ ಕೊಟ್ಟಿದ್ದೆ. ಅವನು ತಲೆ ತಗ್ಗಿಸಿ "ಮಾಫಿ ಸಾರ್" ಎಂದಿದ್ದ. ಮನೆಗೆ ಬಂದ ನಾನು ಊಟದ ಮೇಜಿನಲ್ಲಿ ಡೈರಿ ಬಿಡಿಸಿ, ಮೂರು ಬಗೆಯ ಪೆನ್ನು ಇಟ್ಟುಕೊಂಡು, ಒಂದು ದಿನ ನೀಲಿ, ಒಂದು ದಿನ ಕಪ್ಪು, ಒಂದು ದಿನ ಬಸ್ಸಿನಲ್ಲಿ ಬರೆದಂತೆ ಸ್ವಲ್ಪ ನಡುಗುವ ಅಕ್ಷರ, ಹೀಗೆ ಆರು ವಾರವನ್ನು ಒಂದೇ ಕೂರಿಕೆಯಲ್ಲಿ ಮುಗಿಸಿದೆ. ಜ್ಯೂಸು: ಕುಡಿದೆ. ನಡಿಗೆ: ನಲವತ್ತು ನಿಮಿಷ. ಉಪ್ಪಿನದ್ದು: ಇಲ್ಲ. ನಂಬಿಕೆ ಬರಲೆಂದು ಒಂದು ಭಾನುವಾರ ನಡಿಗೆಯನ್ನು ಮೂವತ್ತೈದಕ್ಕೆ ಇಳಿಸಿ, 'ಸ್ವಲ್ಪ ಆಯಾಸ' ಎಂದು ಪಕ್ಕದಲ್ಲಿ ಬರೆದೆ. ಎದುರು ಕೂತು ಹೋಮ್‌ವರ್ಕ್ ಮಾಡುತ್ತಿದ್ದ ರೋಹನ್, "ದಟ್ಸ್ ಲಿಟರಲಿ ಫ್ರಾಡ್, ಡ್ಯಾಡ್" ಎಂದ. ದೊಡ್ಡವರ ವ್ಯವಹಾರದಲ್ಲಿ ಬಾಯಿ ಹಾಕಬೇಡ ಎಂದು ಗದರಿಸಿದೆ.

ಖಾಲಿ ಬಾಟಲಿಗಳ ವಿಷಯದಲ್ಲಿ ಮಾತ್ರ ನಮ್ಮ ಮನೆ ಎಲ್ಲರಿಗೂ ಮಾದರಿ. ಬಂದವರು ಕುಡಿದಿಟ್ಟದ್ದನ್ನೆಲ್ಲ ಸುಮತಿ ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಸಾಲಾಗಿ ಜೋಡಿಸಿ ಕೊಡುತ್ತಿದ್ದಳು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಕ್ರಮ ನಮ್ಮಲ್ಲಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ನಾನು ಎರಡನೆಯ ಸಲ ಚೀಲ ಕೊಟ್ಟಾಗ ನಫೀಸಾ ಒಂದೊಂದೇ ಬಾಟಲಿ ಎಣಿಸುತ್ತ, ಕೊನೆಯದನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಕತ್ತಿನವರೆಗೂ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಬಿಪಿ ಇಳಿಸುವ ಪರೀಕ್ಷೆಗೆ ಅರ್ಧ ಉಪ್ಪೇ ಇರುವ ಉಪ್ಪಿನಕಾಯಿಯನ್ನು ಕಾಣಿಕೆ ಕೊಟ್ಟವರು ಪ್ರಪಂಚದಲ್ಲಿ ನಾವೇ ಮೊದಲಿಗರಿರಬೇಕು. "ಅಂಕಲ್, ನೀವು ಇದನ್ನು ತಿನ್ನೂದಿಲ್ಲ ಅಲ್ವಾ?" ಎಂದು ಅವಳು ಗಾಬರಿಯಿಂದ ಕೇಳಿದಳು. "ಛೆ, ಛೆ, ಮುಟ್ಟುದೂ ಇಲ್ಲ" ಎಂದೆ. ನಾನು ಮುಟ್ಟುತ್ತಿದ್ದದ್ದು ಇದಲ್ಲ, ದೊಡ್ಡ ಭರಣಿಯದ್ದು.

ಕೊನೆಯ ತಪಾಸಣೆಗೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಸುಮತಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ನಫೀಸಾ ಮೂರು ಸಲ ಪಟ್ಟಿ ಕಟ್ಟಿದಳು. ನನ್ನ ಬಿಪಿ ಒಂದಿಂಚೂ ಇಳಿದಿರಲಿಲ್ಲ, ಸ್ವಲ್ಪ ಮೇಲಕ್ಕೇ ಹತ್ತಿತ್ತು. ಕ್ಲಿನಿಕ್ಕಿನ ಅದೇ ಮಲಯಾಳಿ ಡಾಕ್ಟರು ಡೈರಿ ತೆಗೆದು ಪುಟ ತಿರುವಿದರು. ತಿರುವಿದಂತೆ ಅವರ ಹುಬ್ಬು ಗಂಟಾಯಿತು. ಇಷ್ಟು ಶಿಸ್ತಿನ ಮನುಷ್ಯನನ್ನು ನಾನು ನೋಡಿಯೇ ಇಲ್ಲ ಎಂದರು. ಒಂದು ದಿನ ತಪ್ಪದೆ ನಡೆದಿದ್ದೀರಿ, ಉಪ್ಪು ಮುಟ್ಟಿಲ್ಲ, ಆದರೂ ಇಳಿದಿಲ್ಲವೆಂದರೆ ಇದು ಸಾಮಾನ್ಯ ಬಿಪಿಯಲ್ಲ, ಒಂದು ಮಾತ್ರೆ ಸಾಲದು, ಎರಡು ಬಗೆಯದ್ದು ಬೇಕು, ಅದಕ್ಕೂ ಮೊದಲು ಕಿಡ್ನಿಯ ಸ್ಕ್ಯಾನು ಮಾಡಿಸೋಣ ಎಂದು ಬರೆಯತೊಡಗಿದರು. ಒಂದು ಮಾತ್ರೆಯಿಂದ ತಪ್ಪಿಸಿಕೊಳ್ಳಲು ಹೋಗಿ ಎರಡನ್ನು ಸಂಪಾದಿಸಿದ್ದೆ, ಮೇಲಿಂದ ಕಿಡ್ನಿ ಉಚಿತ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಬಿಡಲಿಲ್ಲ. ಸುಳ್ಳುಗಾರ ಅನ್ನಿಸಿಕೊಳ್ಳುವುದಕ್ಕಿಂತ ರೋಗಿ ಅನ್ನಿಸಿಕೊಳ್ಳುವುದು ಆ ಕ್ಷಣಕ್ಕೆ ಮರ್ಯಾದೆಯದ್ದಾಗಿ ಕಂಡಿತು.

ಸುಮತಿಗೆ ಡಾಕ್ಟರ ಇಂಗ್ಲಿಷಿನಲ್ಲಿ ಅರ್ಥವಾದದ್ದು ಒಂದೇ ಶಬ್ದ. "ಕಿಡ್ನಿಯಾ? ಕಿಡ್ನಿಗೆ ಎಂಥ ಆಗಿದೆ ಇವರಿಗೆ?" ಎಂದು ನಫೀಸಾಳ ಕೈ ಹಿಡಿದುಕೊಂಡಳು. ನಫೀಸಾ ವಿವರಿಸಿದಳು. ಸುಮತಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಣೆಕಟ್ಟಿನ ಬಾಗಿಲು ತೆರೆಯಿತು. "ಕಿಡ್ನಿಗೆ ಎಂಥದ್ದೂ ಆಗ್ಲಿಲ್ಲ ಮಗಾ. ಇವ್ರು ಕುಡ್ದದ್ದು ಹನ್ನೊಂದೇ ಬಾಟ್ಲಿ, ಉಳಿದದ್ದೆಲ್ಲ ನಾನು ಬಂದವರಿಗೆ ಕೊಟ್ಟದ್ದು. ಮತ್ತೆ ನಡೆಯುದು ಅಂದ್ರೆ ಎಂಥ? ಲಿಫ್ಟಿನಿಂದ ಕಂಪೆನಿ ಬಸ್ಸಿಗೆ, ಬಸ್ಸಿನಿಂದ ಲಿಫ್ಟಿಗೆ. ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯೂದಿಲ್ಲ ಇವರಿಗೆ. ಒಣಮೀನು ಬೇರೆ. ಎಲ್ಲ ಬರ್ಕೊಳ್ಳಿ, ಕಿಡ್ನಿ ಮಾತ್ರ ಬೇಡ." ಡಾಕ್ಟರು ಏನಂತೆ ಎಂದು ನಫೀಸಾಳನ್ನು ಕೇಳಿದರು. ಪಾಪ, ಅಷ್ಟುದ್ದದ ಮಾತನ್ನು ಹೇಗೆ ಮೆತ್ತಗೆ ಮಾಡುವುದೆಂದು ಯೋಚಿಸಿ, "ಓನ್ಲಿ ಇಲೆವೆನ್, ಡಾಕ್ಟರ್" ಎಂದಳು. ಡೈರಿಯ ಕಡೆ ನೋಡಿ, "ಅಂಡ್ ನೋ ವಾಕಿಂಗ್" ಎಂದು ಸೇರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೆ ನಿಜವಾಗಿ ನಾಚಿಕೆಯಾದದ್ದು ನಫೀಸಾಳ ಮುಖ ನೋಡಿದಾಗ. ಕೆಲವು ದಿನ ಮೊದಲೇ ಒಪ್ಪಿಸಿದ್ದ ನನ್ನ ಡೈರಿಯನ್ನು ಅವಳು ಉಳಿದವರಿಗೆಲ್ಲ ತೋರಿಸಿ, ಹೀಗೆ ಬರೆಯಬೇಕು ಎಂದು ಹೇಳುತ್ತಿದ್ದಳಂತೆ. "ಅಂಕಲ್, ಕುಡೀಲಿಲ್ಲ ಅಂತ ಬರ್ದಿದ್ರೂ ನಂಗೆ ಪ್ರಾಬ್ಲಮ್ ಇರ್ಲಿಲ್ಲ" ಎಂದಳು, ಅಷ್ಟೇ. ಆ ಹುಡುಗಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಪಟ್ಟಿ ಮಡಿಸಲು ಹೊರಟವಳು ಸುಮತಿಯನ್ನು ನೋಡಿ ನಿಂತಳು. "ಆಂಟಿ, ಯಾಕೆ ಇಷ್ಟು ಬೆವರ್ತಿದ್ದೀರಿ? ಕೂತ್ಕೊಳ್ಳಿ, ಒಮ್ಮೆ ಚೆಕ್ ಮಾಡ್ತೇನೆ." ಸುಮತಿ ನನಗೆಂಥದ್ದಕ್ಕೆ ಎಂದಳು, ಕೂತಳು. ನಫೀಸಾ ಮೆಶಿನನ್ನು ನೋಡಿ, ಡಾಕ್ಟರ ಕಡೆ ತಿರುಗಿಸಿದಳು. ಗಾಬರಿಗೆ ಏರಿರಬಹುದು ಎಂದು ಅರ್ಧ ಗಂಟೆ ಕೂರಿಸಿ ಪುನಃ ನೋಡಿದರು. ಆಗಲೂ ನನ್ನದಕ್ಕಿಂತ ಮೇಲೆಯೇ ಇತ್ತು. ಒಂದು ವಾರ ಮನೆಯಲ್ಲಿ ಇಬ್ಬರದ್ದನ್ನೂ ಬೆಳಿಗ್ಗೆ ಸಂಜೆ ನೋಡಿ ಬರೆದು ತನ್ನಿ ಎಂದು ಡಾಕ್ಟರು ನನಗೆ ಹೇಳಿ, ಒಂದು ಕ್ಷಣ ಯೋಚಿಸಿ, ಬರೆಯುವ ಕೆಲಸವನ್ನು ಮಗನಿಗೆ ಕೊಡಿ ಎಂದರು.

ನನ್ನ ಅಳತೆಗೆ ಕೊಂಡ ದೊಡ್ಡ ಪಟ್ಟಿ ಸುಮತಿಯ ತೋಳಿಗೆ ಆಗಲಿಲ್ಲ, ಬೇರೆ ತರಬೇಕಾಯಿತು. ಆ ಮೆಶಿನು ಮನೆಗೆ ಬಂದು ಎರಡು ತಿಂಗಳಾಗುತ್ತ ಬಂದಿತ್ತು. ದಿನಕ್ಕೆ ನಾಲ್ಕು ಸಲ ನಾನು ಅದರ ಮುಂದೆ ತೋಳು ಚಾಚಿ ಕೂತಾಗ ಅವಳು ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದಳು. ತಲೆನೋವು ಎಂದು ಎಷ್ಟೋ ಸಲ ಹೇಳಿದ್ದಳು, ಎಸಿಯ ಗಾಳಿಗೆ ಇರಬೇಕು ಎಂದು ನಾನೇ ತೀರ್ಪು ಕೊಟ್ಟಿದ್ದೆ. ರೋಹನ್ ಏಳು ದಿನವೂ ಪ್ರಾಮಾಣಿಕವಾಗಿ ಬರೆದ. ಮರು ಶನಿವಾರ ಡಾಕ್ಟರು ಇಬ್ಬರಿಗೂ ಒಂದೊಂದು ಮಾತ್ರೆ ಬರೆದುಕೊಟ್ಟರು.

ಭಾನುವಾರ ಬೆಳಿಗ್ಗೆ ಕಂಪೆನಿ ಬಸ್ಸಿಗೆ ಹೊರಡುವ ಮುಂಚೆ ಅಡುಗೆಮನೆಗೆ ಹೋದೆ. ಸುಮತಿ ಮಾತ್ರೆಯನ್ನು ಬಾಯಿಗೆ ಹಾಕಿ, ಒಂದು ಗುಟುಕು ನೀರು ಕುಡಿದು, ಕಾವಲಿಯ ಮೇಲಿದ್ದ ದೋಸೆಯನ್ನು ಮಗುಚಿದಳು. "ಇಷ್ಟೇನಾ? ಇದಕ್ಕಾ ನೀವು ಎರಡು ತಿಂಗಳು ಕುಣಿದದ್ದು?" ಎಂದು ನನ್ನ ಕಡೆ ತಿರುಗಿದಳು. ನನ್ನ ಮಾತ್ರೆ ಇನ್ನೂ ಅಂಗೈಯಲ್ಲೇ ಇತ್ತು.